ಕೊಪ್ಪರಿಗೆಯ ಹೆಪ್ಪು

ಸೋಪಿನ ಮನೆಯ ಮಹಡಿ,
೧೧ನೇ ತಾರೀಖು, ಬುಧವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯೆ? ಕೆಮ್ಮು ಬಿಟ್ಟಿತೋ, ಇಲ್ಲ ಇನ್ನೂ ನಿನ್ನ ಜೊತೆಯಲ್ಲೇ ಬಿಡಾರ ಹೂಡಿದೆಯೋ? ಹೋದ ಸಲ ಫೋನಿನಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ ‘ಏನಿಲ್ಲಮ್ಮ, ಧೂಳು’ ಅಂದೆ. ಯಾವ ಧೂಳೂ ಅಷ್ಟು ದಿನ ಗಂಟಲಲ್ಲಿ ಕೂರುವುದಿಲ್ಲ ಕಣೇ. ಬಿಸಿನೀರು ಕುಡಿ, ಒದ್ದೆ ತಲೆಯಲ್ಲಿ ಮಲಗಬೇಡ, ಕೆಲಸದ ಜಿದ್ದಿಗೆ ಬಿದ್ದು ಊಟ ಬಿಡಬೇಡ. ನೀನು ಏನೇನು ತಿನ್ನುವುದಿಲ್ಲ ಎಂಬುದು ನನಗೆ ಬಾಯಿಪಾಠವಾಗಿದೆ. ಏನು ತಿನ್ನುತ್ತೀಯೆ ಎಂಬುದನ್ನು ಒಮ್ಮೆ ಬರೆದು ತಿಳಿಸು, ಹೊಟ್ಟೆ ತಣ್ಣಗಾಗಲಿ.

ನನ್ನ ಕಡೆಯದು ಹೊಸದೇನಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿ ಬೈಯುತ್ತದೆ, ಹತ್ತುವಾಗ ಸೊಂಟ ಬೈಯುತ್ತದೆ, ಕೂತರೆ ಇಬ್ಬರೂ ಸೇರಿ ಬೈಯುತ್ತಾರೆ. ಸುಸ್ತು ಎಂದು ಹೇಳೋಣವೆಂದರೆ ಆ ಮಾತನ್ನು ದಿನಾ ಆಡಿ ಆಡಿ ಅದೂ ಸವೆದ ಸೋಪಿನ ಬಿಲ್ಲೆಯ ಹಾಗಾಗಿದೆ, ಉಜ್ಜಿದರೆ ನೊರೆ ಬರುವುದಿಲ್ಲ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ, ಮೈ ಮಟ್ಟಿಗೆ. ಉಳಿದದ್ದನ್ನು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ನನ್ನ ಮಾತು ಅರ್ಧಕ್ಕೆ ಬರುವ ಮೊದಲೇ ಉತ್ತರ ಹಿಡಿದು ನಿಂತಿರುತ್ತೀಯೆ, ಅಲ್ಲದೆ ಈ ಮನೆಯಲ್ಲಿ ಮಹಡಿಯ ಮಾತೆಲ್ಲ ಕೆಳಗೆ ಸೋಪು ಕುದಿಸುವ ಕೊಪ್ಪರಿಗೆಯ ಹತ್ತಿರ ನಿಂತವರಿಗೆ ಚೆನ್ನಾಗಿ ಕೇಳುತ್ತದೆ. ಕಾಗದವನ್ನು ನೀನು ಮಧ್ಯದಲ್ಲಿ ತಡೆಯಲಾರೆ. ಪೂರ್ತಿ ಓದು, ಆಮೇಲೆ ಕೋಪ ಮಾಡಿಕೋ.

ನೀನು ಕಳಿಸಿದ ತಪಾಸಣೆಯ ಹೆಂಗಸು ಸೋಮವಾರ ಬಂದಿದ್ದರು. ಒಳ್ಳೆಯ ಹುಡುಗಿ. ಹುಡುಗಿ ಎಂದರೆ ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ನನ್ನ ವಯಸ್ಸಿಗೆ ಈಗ ಎಲ್ಲರೂ ಹುಡುಗಿಯರೇ. ಹಬೆಗೆ ಅವರ ಕನ್ನಡಕ ಮಂಜು ಹಿಡಿಯುತ್ತಿತ್ತು, ಒರೆಸಿಕೊಂಡು ಮತ್ತೆ ನೋಡುತ್ತಿದ್ದರು, ಬೇಸರವಿಲ್ಲ, ಗತ್ತಿಲ್ಲ. ನಿಮ್ಮಪ್ಪ ಬೆಳಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಯಾರಾಗಿದ್ದರು. ಆ ಅಂಗಿಯಲ್ಲಿ ಸೋಪು ಕಲಕುವುದಾದರೂ ಹೇಗೆ, ತೋಳು ಮಡಿಸಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ಹಿಂದಿನ ದಿನವೇ ಅಚ್ಚಿನ ಹಲಗೆಗಳನ್ನೆಲ್ಲ ಒರೆಸಿ, ಎಣ್ಣೆಯ ಪೀಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮುಖ ಬಾಗಿಲ ಕಡೆಗೆ ತಿರುಗಿಸಿಟ್ಟಿದ್ದರು. ‘ಮಗಳ ಮಾನ ಇದೆ ಕಣೇ ಇದರಲ್ಲಿ’ ಎಂದರು. ನಮ್ಮ ಗ್ಲಿಸರಿನ್ನಿನಿಂದ ನೀನು ಮಾಡುವ ಕೈಗೆ ಹಚ್ಚುವ ಕ್ರೀಮು, ತುಟಿಗೆ ಹಚ್ಚುವುದು, ಆ ಕೇಕಿನವರಿಗೆ ನೀನು ಒದಗಿಸುವ ಗ್ಲಿಸರಿನ್ನು, ಎಲ್ಲದರ ಮೇಲೂ ಪ್ರಾಣಿಯದೇನೂ ಇಲ್ಲವೆಂಬ ವೀಗನ್ ಗುರುತು ಬಿದ್ದರೆ ಆ ದೊಡ್ಡ ಅಂಗಡಿಯವರು ಸಾಲಾಗಿ ಜೋಡಿಸಿಡುತ್ತಾರೆ, ಬೀಳದಿದ್ದರೆ ಪೆಟ್ಟಿಗೆ ಬಿಚ್ಚುವುದೂ ಇಲ್ಲ ಎಂದು ನೀನು ಹೇಳಿದ್ದನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ಆ ಹುಡುಗಿಗೆ ನಿಮ್ಮಪ್ಪ ಎಲ್ಲವನ್ನೂ ಮೊದಲಿನಿಂದ ಹೇಳಿದರು. ನಿನಗೆ ಗೊತ್ತಿರುವುದೇ, ನನಗೂ ಗೊತ್ತಿರುವುದೇ, ಆದರೂ ನಾನು ಚಹಾದ ತಟ್ಟೆ ಹಿಡಿದುಕೊಂಡು ಹೊಸದಾಗಿ ಕೇಳುವವಳಂತೆ ಕೇಳುತ್ತ ನಿಂತೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಕುದಿಸುವುದು, ಹದ ಬಂದ ಮೇಲೆ ಉಪ್ಪು ಎರಚುವುದು, ಸೋಪು ಮೇಲಕ್ಕೆ ತೇಲಿ ನಿಲ್ಲುವುದು, ಅಡಿಯ ಕೊಳವೆ ತಿರುಗಿಸಿದರೆ ಕೆಳಗಿನ ಉಪ್ಪು ಉಪ್ಪಾದ ಸಿಹಿನೀರು ಇಳಿದು ಬರುವುದು. ಆ ಸಿಹಿಯೇ ಗ್ಲಿಸರಿನ್ನು, ಅದನ್ನು ಬೇರೆಯಾಗಿ ಬಟ್ಟಿ ಇಳಿಸಿ ತಿಳಿಯಾಗಿಸುವುದು. ಒಂದು ಸೀಸೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ‘ನೋಡಿ ಮೇಡಂ, ಕೊಬ್ಬಿನಿಂದ ಬಂದ್ರೂ ಇದೇ, ಎಣ್ಣೆಯಿಂದ ಬಂದ್ರೂ ಇದೇ. ಬಣ್ಣ ಇಲ್ಲ, ವಾಸನೆ ಇಲ್ಲ, ನಾಲಿಗೆಗೆ ಸಿಹಿ. ಇದರ ಅಪ್ಪ ಅಮ್ಮ ಯಾರು ಅಂತ ಇದನ್ನೇ ಕೇಳಿದ್ರೆ ಬಾಯಿ ಬಿಡಲ್ಲ’ ಎಂದರು. ಅದಕ್ಕೆ ಆಕೆ ನಕ್ಕು, ‘ಅದಕ್ಕೇ ಸರ್ ನಾವು ಬರೋದು. ವಸ್ತು ಹೇಳಲ್ಲ, ಮಾಡಿದವರೇ ಹೇಳಬೇಕು’ ಎಂದರು. ಆ ಮಾತು ನಿಮ್ಮಪ್ಪನಿಗೆ ಬಹಳ ಹಿಡಿಸಿತು. ತಲೆಯಾಡಿಸಿದರು, ತಮ್ಮದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದವರ ಹಾಗೆ.

ನನಗೆ ಆಗ ನೀನು ಕೇಕು ಕೆಳಗಿಟ್ಟ ದಿನ ನೆನಪಾಯಿತು. ಶಾಲೆಗೆ ಹೋಗುತ್ತಿದ್ದೆ ಆಗ. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದುವ ಚಟ ಹತ್ತಿತ್ತು. ಬಾಯಲ್ಲಿ ಒಂದು ತುಂಡು, ಕೈಯಲ್ಲಿ ಒಂದು ತುಂಡು, ‘ಅಪ್ಪಾ, ಈ ಗ್ಲಿಸರಿನ್ ಎಲ್ಲಿಂದ ಬರುತ್ತೆ?’ ಎಂದೆ. ಅವರಿಗೆ ಹಿಗ್ಗು. ‘ಎಲ್ಲಿಂದ ಅಂದ್ರೆ? ನಮ್ಮ ಕೊಪ್ಪರಿಗೆಯಿಂದಲೇ ಕಣೇ! ಈ ಊರಿನ ಕೇಕೆಲ್ಲ ಒಣಗದೆ ಮೆತ್ತಗಿರೋದು ನಿಮ್ಮಪ್ಪನಿಂದ’ ಎಂದರು. ಕೆಳಗೆ ಅಂಗಳದಲ್ಲಿ ಕಸಾಯಿಖಾನೆಯಿಂದ ಬಂದ ಅವತ್ತಿನ ಕೊಬ್ಬಿನ ಗಾಡಿ ನಿಂತಿತ್ತು. ನೀನು ಕಿಟಕಿಯಿಂದ ಗಾಡಿ ನೋಡಿದೆ, ಕೈಯಲ್ಲಿದ್ದ ತುಂಡು ನೋಡಿದೆ, ಮೆಲ್ಲಗೆ ತಟ್ಟೆಗೆ ಇಟ್ಟೆ. ಅಷ್ಟೇ. ಮಾರನೆಯ ದಿನದಿಂದ ಹಾಲು ಬೇಡ, ಬೆಣ್ಣೆ ಬೇಡ, ಉಣ್ಣೆಯ ಅಂಗಿ ಬೇಡ, ಕೊನೆಗೆ ಸ್ನಾನಕ್ಕೆ ಸೋಪೂ ಬೇಡ. ‘ಸೋಪಿನವನ ಮಗಳು ಬರೀ ನೀರು ಹುಯ್ಕೊಂಡು ಬರ್ತಾಳೆ, ಊರಿಗೆ ಗೊತ್ತಾದ್ರೆ ನನ್ನ ಬಿಲ್ಲೆ ಯಾರು ಕೊಳ್ತಾರೆ’ ಎಂದು ಅವರು ತಮಾಷೆಗೇ ಹೇಳುತ್ತಿದ್ದರು, ಆದರೆ ಆ ಮಾತು ಹೇಳಿದ ದಿನ ಊಟ ಸರಿಯಾಗಿ ಸೇರುತ್ತಿರಲಿಲ್ಲ. ನಿಮ್ಮಿಬ್ಬರ ಮಧ್ಯೆ ಮಾತು ತೆಳ್ಳಗಾಯಿತು. ಒಂದೇ ಮೇಜಿಗೆ ಕೂತು ಒಬ್ಬರು ಉಪ್ಪು ಬೇಕೆಂದರೆ ನಾನು ದಾಟಿಸಬೇಕಿತ್ತು.

ಆಮೇಲೆ ಒಂದು ದಿನ ಕೊಬ್ಬಿನ ಗಾಡಿ ಬರುವುದು ನಿಂತಿತು, ಎಣ್ಣೆಯ ಪೀಪಾಯಿ ಬಂತು. ‘ಕೊಬ್ಬು ಈಗ ಸರಿಯಾಗಿ ಬರ್ತಿಲ್ಲ’ ಎಂದು ಬಂದವರಿಗೆಲ್ಲ ಹೇಳಿದರು. ನಿನಗೂ ಹಾಗೆಯೇ ಹೇಳಿದರು. ಸುಳ್ಳು ಕಣೇ. ಕೊಬ್ಬು ಸರಿಯಾಗಿಯೇ ಬರುತ್ತಿತ್ತು. ಗಾಡಿಯವನು ತನ್ನಿಂದ ಏನು ತಪ್ಪಾಯಿತೆಂದು ಕೇಳುತ್ತ ನಮ್ಮ ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತಿದ್ದ. ಎಣ್ಣೆಯ ಸೋಪು ಮೊದಮೊದಲು ಮೆತ್ತಗಾಗಿ, ನೀರಿನಲ್ಲಿ ಬೇಗ ಕರಗಿ, ಬಟ್ಟೆ ಒಗೆಯುವವರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ನಿಮ್ಮಪ್ಪ ಹದ ಹುಡುಕುತ್ತ ಎಷ್ಟು ಕೊಪ್ಪರಿಗೆ ಕೆಡಿಸಿದರೋ ನನಗೆ ಗೊತ್ತು. ನಿನಗೆ ಹೇಳಬೇಡ ಎಂದಿದ್ದರು, ಹೇಳಲಿಲ್ಲ. ನೀನು ಮೊದಲ ಸಲ ಆ ಸೋಪು ಹಚ್ಚಿ ಸ್ನಾನ ಮಾಡಿ ಬಂದ ದಿನ ಅವರು ಏನೋ ಹುಡುಕುವವರಂತೆ ಬಚ್ಚಲಿಗೆ ಹೋಗಿ, ಮೂಸಿ ನೋಡಿ, ಸಿಳ್ಳೆ ಹಾಕುತ್ತ ಮೆಟ್ಟಿಲಿಳಿದರು. ಅವರಿಗೆ ಸಿಳ್ಳೆ ಬರುತ್ತದೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆ ಎಂದರೆ ಮುಂದಿನದನ್ನು ಓದುವಾಗ ನಿನಗೆ ಅವರ ಮೇಲೆ ಸಿಟ್ಟು ಬರಬಾರದು. ತಪಾಸಣೆ ಮುಗಿಯಿತು. ಆಕೆ ಕೇಳಿದ್ದಕ್ಕೆಲ್ಲ ಇವರು ನೇರ ಉತ್ತರ ಕೊಟ್ಟರು. ಕೊಬ್ಬು ಬಿಟ್ಟದ್ದು ಯಾವಾಗ, ಎಣ್ಣೆ ಎಲ್ಲಿಂದ, ಬಟ್ಟಿ ಇಳಿಸುವಾಗ ಬೇರೆಯವರದು ಬೆರೆಯುತ್ತದೆಯೇ, ಬಣ್ಣ ಯಾವುದು, ತಿಳಿಯಾಗಿಸಲು ಮೂಳೆಯ ಇದ್ದಲು ಬಳಸುತ್ತೀರಾ, ಎಲ್ಲ. ಆಕೆಗೆ ಸಮಾಧಾನವಾಯಿತು. ಹಾಲಿಲ್ಲದ ಚಹಾ ಕುಡಿದರು, ಪೆನ್ನಿಗೆ ಟೊಪ್ಪಿ ಹಾಕಿದರು, ‘ಈ ವಾರದಲ್ಲೇ ನಿಮ್ಮ ಮಗಳಿಗೆ ಗುರುತು ಸಿಗುತ್ತೆ ಅಮ್ಮ’ ಎಂದು ನನಗೆ ಹೇಳಿದರು. ನಾನು ಖಾಲಿ ಲೋಟ ತಟ್ಟೆಗಿಟ್ಟುಕೊಂಡೆ. ಹೊರಡುವವರು ಬಾಗಿಲಲ್ಲಿ ಒಮ್ಮೆ ತಿರುಗಿ ಕೊಪ್ಪರಿಗೆ ನೋಡಿ, ಬರೀ ಮಾತಿಗೆ ಮಾತು ಎಂಬಂತೆ, ‘ಇಷ್ಟು ದೊಡ್ಡದನ್ನ ಹೇಗೆ ತೊಳೀತೀರಿ ಸರ್?’ ಎಂದರು.

ಅಯ್ಯೋ, ನಿಮ್ಮಪ್ಪನ ಮುಖ ನೋಡಬೇಕಿತ್ತು ನೀನು. ಎದೆ ಉಬ್ಬಿತು. ‘ತೊಳೆಯೋದಾ! ನಮ್ಮಪ್ಪನ ಕಾಲದಿಂದ ಈ ಕೊಪ್ಪರಿಗೆ ಒಂದ್ಸಲಾನೂ ಬರಿದಾಗಿಲ್ಲ ಮೇಡಂ. ಮೇಲಿನ ಸೋಪು ತೆಗೀತೀವಿ, ಅಡಿಯ ನೀರು ಬಿಡ್ತೀವಿ, ಮಧ್ಯದಲ್ಲಿ ಕಪ್ಪಗೆ ಉಳಿಯುತ್ತಲ್ಲ, ಅದೇ ಹೆಪ್ಪು. ಅದರ ಮೇಲೇ ಮುಂದಿನ ಎಣ್ಣೆ. ಅದಿಲ್ಲದಿದ್ರೆ ಸೋಪು ಸರಿಯಾಗಿ ಕೂರಲ್ಲ’ ಎಂದರು. ನಿಲ್ಲಿಸಲಿಲ್ಲ. ನಿಮ್ಮ ತಾತ ತಾನು ಕೆಲಸ ಕಲಿತ ಸೋಪಿನ ಮನೆಯಿಂದ ಆ ಹೆಪ್ಪನ್ನು ಬಕೆಟ್ಟಿನಲ್ಲಿ ತಂದದ್ದು, ಒದ್ದೆ ಗೋಣಿ ಮುಚ್ಚಿ, ಗಾಡಿಯಲ್ಲಿ ಅದರ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ಕೂಸಿನ ಹಾಗೆ ಹಿಡಿದುಕೊಂಡು ಬಂದದ್ದು, ಎಲ್ಲವನ್ನೂ ಹೇಳಿದರು. ನಾವು ನೂರು ಸಲ ಕೇಳಿದ ಕತೆ. ನಾನು ತಟ್ಟೆ ಹಿಡಿದು ನಿಂತಿದ್ದೆ. ಅವರಿಗಿಂತ ಮೊದಲು ನನಗೆ ಹೊಳೆಯಿತು. ಆಕೆಯ ಕೈ ಮತ್ತೆ ಪೆನ್ನಿನ ಟೊಪ್ಪಿಗೆ ಹೋದದ್ದನ್ನು ಕಂಡೆ. ತಟ್ಟೆ ಕೈಜಾರಿ ಬಿದ್ದು ದೊಡ್ಡ ಸದ್ದಾಗಲಿ, ಈ ಮಾತು ಇಲ್ಲಿಗೇ ತುಂಡಾಗಲಿ ಅನ್ನಿಸಿತು. ನನ್ನ ಕೈ ಬೀಳಿಸಬಾರದ್ದನ್ನೆಲ್ಲ ಬೀಳಿಸುತ್ತದೆ, ಬೀಳಿಸಬೇಕಾದಾಗ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ.

‘ಅಂದ್ರೆ ಸರ್, ಕೊಬ್ಬು ಹಾಕ್ತಿದ್ದ ಕಾಲದ್ದೂ ಅದರಲ್ಲಿ ಇದೆ?’ ಎಂದು ಆಕೆ ಮೆಲ್ಲಗೆ ಕೇಳಿದರು. ‘ಇಲ್ದೆ ಏನು! ಅದೇ ಇದು!’ ಎಂದು ಇವರು ಇನ್ನೂ ಜಂಬದಲ್ಲೇ ಹೇಳಿದರು. ಆಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿತು. ಮಡಿಸದೆ ಉಳಿಸಿಕೊಂಡಿದ್ದ ತೋಳನ್ನು ಆಗ ಮಡಿಸಲು ಶುರು ಮಾಡಿದರು, ಮಾಡಲು ಬೇರೇನೂ ಇರಲಿಲ್ಲ.

ನೀನು ಕೇಳಬಹುದು, ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವೇ ಎಂದು. ನಿನಗೆ ಹೊಳೆಯಿತೇ? ನೀನು ಆ ಹೆಪ್ಪಿನ ಕತೆ ಕೇಳುತ್ತಲೇ ಬೆಳೆದವಳು. ಕೊಬ್ಬು ಹೋಯಿತು, ಎಣ್ಣೆ ಬಂತು, ನಮ್ಮದು ಶುದ್ಧವಾಯಿತು ಎಂದು ಮೂವರೂ ನಂಬಿದೆವು. ಹೆಪ್ಪು ನಮಗೆ ಕೊಬ್ಬೂ ಅಲ್ಲ, ಎಣ್ಣೆಯೂ ಅಲ್ಲ, ಅದು ಹೆಪ್ಪು, ಮನೆಯ ಗೋಡೆ ಇದ್ದ ಹಾಗೆ. ಗೋಡೆ ಯಾವುದರಿಂದ ಆಗಿದೆ ಎಂದು ಒಳಗಿರುವವರು ಕೇಳುವುದಿಲ್ಲ.

ನಿಮ್ಮಪ್ಪ ವಾದ ಮಾಡಲಿಲ್ಲ ಎನ್ನಲಾರೆ. ಕೂಗಾಡಲಿಲ್ಲ, ಆದರೆ ಹೇಳಿದರು. ಗ್ಲಿಸರಿನ್ ಎಂಬುದು ಪ್ರತಿ ಸಲವೂ ನೀರಿನ ಜೊತೆ ಇಳಿದು ಹೋಗುತ್ತದೆ, ಹೆಪ್ಪಿನಲ್ಲಿ ಉಳಿಯುವುದು ಸೋಪು, ಹಳೆಯ ಕೊಬ್ಬಿನ ಗ್ಲಿಸರಿನ್ ಯಾವತ್ತೋ ಯಾರದೋ ಕೇಕಿನಲ್ಲಿ ಮುಗಿದಿದೆ ಎಂದರು. ಆಕೆ ಪೂರ್ತಿ ಕೇಳಿಸಿಕೊಂಡರು. ‘ನೀವು ಹೇಳೋದು ಸರಿ ಇರಬಹುದು ಸರ್. ಆದ್ರೆ ಪ್ರಾಣಿಯದು ಏನೂ ತಾಗಿಲ್ಲ ಅಂತ ನಾನು ಸಹಿ ಹಾಕಬೇಕು. ತಾಗಿದೆ ಅಂತ ಗೊತ್ತಿದ್ದೂ ಹೇಗೆ ಹಾಕಲಿ?’ ಎಂದರು. ಕೊಪ್ಪರಿಗೆಯನ್ನು ತಳದವರೆಗೆ ಬರಿದು ಮಾಡಿ, ಲೋಹ ಕಾಣುವ ಹಾಗೆ ಉಜ್ಜಿ, ಹೊಸದಾಗಿ ಶುರು ಮಾಡಿದರೆ ತಾನೇ ಬಂದು ನೋಡಿ ಗುರುತು ಕೊಡುತ್ತೇನೆ ಎಂದರು. ಆಕೆಯದೂ ಸರಿ, ಇವರದೂ ಸರಿ. ಒಬ್ಬರು ತಪ್ಪಿದ್ದರೆ ಬೈದು ಹಗುರಾಗಬಹುದಿತ್ತು. ಇಬ್ಬರೂ ಸರಿಯಿದ್ದಾಗ ನಡುವೆ ನಿಂತವರು ಏನು ಮಾಡಬೇಕು ಹೇಳು.

ಸೋಮವಾರದಿಂದ ಒಲೆ ಹಚ್ಚಿಲ್ಲ. ಅವರು ಬೆಳಗ್ಗೆ ಇಳಿದು ಹೋಗಿ ಕೊಪ್ಪರಿಗೆಯ ಎದುರಿಗೆ ಮರದ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂರುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ, ಹಾಕಿದ್ದು ತಿನ್ನುತ್ತಾರೆ, ಏನು ತಿಂದಿರಿ ಎಂದು ಕೇಳಿದರೆ ಹೇಳಲಾರರು. ನಿನ್ನೆ ಒಂದೇ ಒಂದು ಮಾತು ಆಡಿದರು: ‘ನಮ್ಮಪ್ಪ ಸತ್ತಾಗ ನಾನು ಅಳಲಿಲ್ಲ ಕಣೇ. ಮಾರನೇ ದಿನ ಕೆಳಗೆ ಬಂದೆ, ಹೆಪ್ಪು ಇತ್ತು.’ ಅಷ್ಟು ಹೇಳಿ ಲೋಟ ತೆಗೆದುಕೊಂಡು ನೀರು ಕುಡಿದರು. ನನಗೆ ಅಳು ಬಂತು, ಈರುಳ್ಳಿ ಹೆಚ್ಚಲು ಹೋದೆ.

ನಾನೂ ಕೂತು ಯೋಚಿಸಿದ್ದೇನೆ. ಪ್ರತಿ ಸಲ ಹೊಸ ಎಣ್ಣೆ ಬೀಳುತ್ತದೆ, ಹಳೆಯದು ತೆಳುವಾಗುತ್ತ ಹೋಗುತ್ತದೆ. ಈಗ ಆ ಹೆಪ್ಪಿನಲ್ಲಿ ಕೊಬ್ಬಿನದು ಎಷ್ಟು ಉಳಿದಿರಬಹುದು? ಒಂದು ಕೂದಲೆಳೆಯಷ್ಟೂ ಇರಲಿಕ್ಕಿಲ್ಲ. ಆದರೆ ಇಲ್ಲವೇ ಇಲ್ಲ ಎನ್ನಲು ಯಾರಿಗೂ ಬರುವುದಿಲ್ಲ. ನಾನು ಈ ಮನೆಗೆ ಬಂದು ಇಷ್ಟು ಕಾಲವಾಯಿತು, ಇಲ್ಲಿನ ಮಾತು, ಇಲ್ಲಿನ ಊಟ, ಇಲ್ಲಿನ ಕಾಸ್ಟಿಕ್ ವಾಸನೆ ಎಲ್ಲ ಮೈಗೆ ಹತ್ತಿ ಹೋಯಿತು. ನನ್ನಲ್ಲಿ ನನ್ನ ತವರಿನದು ಎಷ್ಟು ಉಳಿದಿದೆ ಎಂದು ಯಾವ ತಪಾಸಣೆಯವರು ಅಳೆದು ಹೇಳುತ್ತಾರೆ? ಇಂಥ ಯೋಚನೆ ಹತ್ತಿದರೆ ಅನ್ನ ಸೀದು ಹೋಗುತ್ತದೆ. ನಿನ್ನೆ ಸೀದೂ ಹೋಯಿತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಗುರುತು ಇರುವ ಗ್ಲಿಸರಿನ್ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ ಎಂದು ನನಗೂ ಗೊತ್ತು. ನೀನೇ ಹೇಳಿದ್ದೆ. ಆದರೆ ‘ತಗೊಂಡ್ರೆ ಅಪ್ಪಂದೇ ತಗೊಳ್ಳೋದು’ ಎಂದು ಹಟ ಹಿಡಿದೆ. ಅವರು ‘ಕೊಟ್ರೆ ಮಗಳಿಗೇ ಮೊದಲು’ ಎಂದು ಹಟ ಹಿಡಿದರು. ಎದುರೆದುರು ಕೂತು ಎರಡು ಪ್ರೀತಿಯ ಮಾತಾಡಲು ಬಾರದ ನೀವಿಬ್ಬರೂ ಗ್ಲಿಸರಿನ್ ಡಬ್ಬಿಯ ಮೂಲಕ ಮಾತಾಡಿಕೊಂಡಿರಿ. ನಾನು ಡಬ್ಬಿಗೆ ಬಿರಡೆ ಬಿಗಿದು, ಹೆಸರು ಬರೆದು, ಬಸ್ಸಿಗೆ ಹಾಕಿದೆ. ಈಗ ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳು ನಾನೇ. ನಿನ್ನ ಕ್ರೀಮಿನ ಮೇಲೆ ‘ಯಾವ ಪ್ರಾಣಿಯ ಮೇಲೂ ಪ್ರಯೋಗ ಮಾಡಿಲ್ಲ’ ಎಂದು ಬರೆಯುತ್ತೀಯಲ್ಲ, ಹಾಗೆ ನನಗೂ ಒಂದು ಚೀಟಿ ಅಂಟಿಸಿ ಪುಣ್ಯ ಕಟ್ಟಿಕೊಳ್ಳಿ: ಈ ಹೆಂಗಸಿನ ಮೇಲೆ ಇನ್ನು ಮುಂದೆ ಯಾವ ಪ್ರಯೋಗವನ್ನೂ ಮಾಡುವುದಿಲ್ಲ ಎಂದು.

ತಮಾಷೆ ಸಾಕು. ನಿನ್ನ ಹತ್ತಿರ ಕೈ ಒಡೆದುಕೊಂಡು ಬರುತ್ತಾಳಲ್ಲ, ಪಾತ್ರೆ ತೊಳೆಯುವ ಕೆಲಸದ ಹುಡುಗಿ, ‘ಅಕ್ಕಾ, ಇದರಲ್ಲಿ ಪ್ರಾಣಿದು ಏನೂ ಇಲ್ಲ ತಾನೆ, ಖಂಡಿತಾನಾ?’ ಎಂದು ಕೇಳಿದ್ದಕ್ಕೆ ನೀನು ‘ನಮ್ಮಪ್ಪ ಮಾಡಿದ್ದು’ ಎಂದು ಹೇಳಿದೆಯಂತೆ. ಅದನ್ನು ನೀನು ಫೋನಿನಲ್ಲಿ ಹೇಳಿದಾಗ ಅವರು ನನ್ನ ಪಕ್ಕದಲ್ಲೇ ಇದ್ದರು, ಆ ಮಾತನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಆ ಹುಡುಗಿಗೆ ಈಗ ನೀನು ಏನು ಹೇಳುತ್ತೀಯೋ ನನಗೆ ತಿಳಿಯದು. ಆದರೆ ಗೊತ್ತಾದ ಮೇಲೂ ನಿನಗೆ ಗೊತ್ತಿಲ್ಲದ ಹಾಗೆ ಇಡುವುದು ನನ್ನಿಂದ ಆಗದು. ಅವರು ಹೇಳುವ ಮನುಷ್ಯರೇ, ಆದರೆ ಸದ್ಯಕ್ಕೆ ಅವರ ಬಾಯಿ ಕಟ್ಟಿದೆ. ಅದಕ್ಕೆ ನಾನು ಹೇಳಿದೆ.

ನೀನು ಒಂದು ಸಾಲು ಬರೆ. ಬೇರೆ ಕಡೆಯಿಂದ ತರಿಸಿಕೊಳ್ಳುತ್ತೇನೆ, ಕೊಪ್ಪರಿಗೆ ಹಾಗೇ ಇರಲಿ ಎಂದಾದರೂ ಬರೆ, ಬರಿದು ಮಾಡಿ ಎಂದಾದರೂ ಬರೆ. ನನಗಲ್ಲ, ಅವರಿಗೆ. ನನ್ನ ಮನಸ್ಸು ಕೇಳಿದರೆ, ಕೇಳದಿದ್ದರೂ ಹೇಳುತ್ತೇನೆ, ಅದು ಹಾಗೇ ಇರಲಿ. ನಿನಗೆ ಮುಂದೆ ಬೇಕಾದಷ್ಟು ದಿನ ಇದೆ, ಬೇಕಾದಷ್ಟು ಅಂಗಡಿ ಇದೆ. ಅವರಿಗೆ ಇರುವುದು ಅದೊಂದೇ. ಹೀಗೆ ಹೇಳುವುದು ನಿನಗೆ ಅನ್ಯಾಯ ಎಂದು ಗೊತ್ತು. ನೀನು ಬಾಡಿಗೆ ಕೋಣೆಯಲ್ಲಿ ಕೆಮ್ಮುತ್ತ ಕೂತು ಕಟ್ಟಿದ ಕೆಲಸ ಅದು. ಆದರೂ ಮನಸ್ಸಿನಲ್ಲಿದ್ದದ್ದು ಇದೇ, ಬೇರೆಯದನ್ನು ಬರೆದರೆ ಕಾಗದ ಹಾಳು.

ಕೈ ನೋಯುತ್ತಿದೆ, ಬೆಳಕೂ ಇಳಿಯುತ್ತಿದೆ. ಬೇಗ ಮಲಗು, ಬಿಸಿ ಬಿಸಿ ತಿನ್ನು, ಗಂಟಲಿಗೆ ಬಟ್ಟೆ ಸುತ್ತಿಕೋ. ನಿನ್ನ ಕೈಯಿಂದ ಆದದ್ದು ಹತ್ತು ಜನರ ಕೈ ಮೆತ್ತಗೆ ಮಾಡಲಿ, ನಿನ್ನ ಕೈ ಯಾವತ್ತೂ ಒಡೆಯದಿರಲಿ. ಅಪ್ಪನದೂ ಆಶೀರ್ವಾದ ಇದೆ ಎಂದು ತಿಳಿದುಕೋ, ಕೇಳಿದ್ದರೆ ಹೇಳುತ್ತಿದ್ದರು.

ನಿನ್ನ,
ಅಮ್ಮ

ಸೇರಿಸಿದ್ದು, ಶುಕ್ರವಾರ: ಮಂಡಿ ನೋವಿಗೆ ಅಂಚೆ ಡಬ್ಬಿಯವರೆಗೆ ಹೋಗಲಾಗದೆ ಈ ಕಾಗದ ಇಲ್ಲೇ ಉಳಿಯಿತು, ಒಳ್ಳೆಯದೇ ಆಯಿತು. ಮೇಲೆ ಕೇಳಿದ ಆ ಒಂದು ಸಾಲನ್ನು ನೀನು ಬರೆಯಬೇಡ. ನಿನ್ನೆ ಬೆಳಗ್ಗೆ ಕೆಳಗಿನಿಂದ ಕೆರೆಯುವ ಸದ್ದು ಬಂತು. ಇಳಿದು ನೋಡಿದರೆ ನಿಮ್ಮಪ್ಪ ಪ್ಯಾಂಟು ಮಡಿಸಿಕೊಂಡು ಕೊಪ್ಪರಿಗೆಯ ಒಳಗೆ ನಿಂತಿದ್ದಾರೆ, ಕೈಯಲ್ಲಿ ಕರಣೆ. ನನ್ನನ್ನು ನೋಡಿ, ‘ಅವಳಿಗೆ ಹೇಳು, ಸ್ವಲ್ಪ ತಡ ಆಗುತ್ತೆ ಅಂತ. ಆ ಕೈ ಒಡೆದ ಹುಡುಗಿ ಖಂಡಿತಾನಾ ಅಂತ ಕೇಳಿದ್ಲಲ್ಲ’ ಎಂದರು, ಮತ್ತೆ ಬಗ್ಗಿದರು. ಬರಿದು ಮಾಡಿ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ. ತೆಗೆದ ಹೆಪ್ಪನ್ನು ಎಸೆಯಲು ಬಿಡಲಿಲ್ಲ. ಕಪ್ಪು ಕಪ್ಪು ಬಿಲ್ಲೆಗಳಾಗಿ ಕೊಯ್ದು ಹಲಗೆಯ ಮೇಲೆ ಒಣಗಲು ಇಟ್ಟಿದ್ದಾರೆ. ‘ನನ್ನ ಸ್ನಾನಕ್ಕೆ ಆಗುತ್ತೆ ಬಿಡು, ಇರೋವರೆಗೂ’ ಎಂದರು. ನಾನು ಮೊದಲು ನಕ್ಕೆ, ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದೇನೆ. ಕೊಪ್ಪರಿಗೆ ಈಗ ತಳದವರೆಗೆ ಹೊಳೆಯುತ್ತಿದೆ. ಎಣ್ಣೆ ಇದೆ, ಕಾಸ್ಟಿಕ್ ಇದೆ, ಒಲೆಯೂ ತಯಾರು. ಆದರೆ ಹಚ್ಚುತ್ತಿಲ್ಲ. ಒಂದು ಉಪಕರಣ ಎತ್ತುತ್ತಾರೆ, ಇಡುತ್ತಾರೆ. ಯಾಕೆ ಎಂದು ಬೆಳಗ್ಗೆ ಕೇಳಿದೆ. ಕೈ ಒರೆಸಿಕೊಂಡು, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ, ‘ಹೆಪ್ಪಿಲ್ಲದೆ ಹೇಗೆ ಶುರು ಮಾಡೋದು ಅಂತ ನಂಗೆ ಗೊತ್ತಿಲ್ಲ ಕಣೇ. ನಮ್ಮಪ್ಪನೂ ಮಾಡಿರಲಿಲ್ಲ’ ಎಂದರು. ಇಷ್ಟು ವರ್ಷದಲ್ಲಿ ಅವರಿಗೆ ಹೆದರಿಕೆಯಾದದ್ದನ್ನು ನಾನು ನೋಡಿದ್ದು ಇದೇ ಮೊದಲು. ನೀನು ನಿನ್ನ ಕ್ರೀಮಿನ ಕೆಲಸವನ್ನು ಖಾಲಿ ಪಾತ್ರೆಯಿಂದ ಶುರು ಮಾಡಿದವಳು. ಕೆಡಿಸಿದೆ, ಚೆಲ್ಲಿದೆ, ಮತ್ತೆ ಮಾಡಿದೆ. ಈ ಮನೆಯಲ್ಲಿ ಹಾಗೆ ಮಾಡಿ ಗೊತ್ತಿರುವವರು ಬೇರೆ ಯಾರೂ ಇಲ್ಲ. ಅವರು ನಿನ್ನನ್ನು ಕರೆಯುವುದಿಲ್ಲ, ಅದಕ್ಕೆ ನಾನು ಕರೆಯುತ್ತಿದ್ದೇನೆ. ಈ ಕಾಗದ ಸಿಕ್ಕ ದಿನವೇ ಬಸ್ಸು ಹತ್ತು. ಬಂದು ಅವರ ಪಕ್ಕದಲ್ಲಿ ನಿಲ್ಲು.